ಹುಳಿ ಹಿಂಡುವವರಿಲ್ಲದ ವಾರ್ಡು

ಕೊರೊನಾ ಕಾಲದಲ್ಲಿ ನಮ್ಮ ಮಧ್ಯಮ ವರ್ಗ ವಿಟಮಿನ್ ಸಿ ಮಾತ್ರೆ ಚೀಪಿದಷ್ಟು ಶ್ರದ್ಧೆಯಿಂದ ಏಕಾದಶಿಯನ್ನೂ ಆಚರಿಸಿರಲಿಕ್ಕಿಲ್ಲ. ಕಾಫಿಗೆ ಮುಂಚೆ ಒಂದು, ಕಷಾಯದ ಬೆನ್ನಿಗೇ ಒಂದು, ರಾತ್ರಿ ಟಿವಿಯಲ್ಲಿ ಸಾವಿನ ಲೆಕ್ಕ ಬಂದರೆ ಹೆದರಿಕೆಗೆ ಇನ್ನೊಂದು. ಔಷಧಿ ಅಂಗಡಿಯವನು ‘ಸ್ಟಾಕ್ ಇಲ್ಲ ಸಾರ್’ ಎಂದರೆ ಕಾರ್ಪೊರೇಟರ್ ಕಡೆಯಿಂದ ಫೋನ್ ಮಾಡಿಸುವವರಿದ್ದರು. ಒಂದೊಂದು ಮಾತ್ರೆಯಲ್ಲಿ 500 ಮಿಲಿಗ್ರಾಂ. ಐಸಿಎಂಆರ್ ಲೆಕ್ಕದಲ್ಲಿ ದಿನಕ್ಕೆ ಗಂಡಸಿಗೆ 80, ಹೆಂಗಸಿಗೆ 65 ಸಾಕು. ಮಿಕ್ಕದ್ದನ್ನು ದೇಹ ಕೂಡಿಡುವುದಿಲ್ಲ, ಬಚ್ಚಲಿಗೆ ಬಿಡುತ್ತದೆ. ಆ ಎರಡು ವರ್ಷ ಬೆಂಗಳೂರಿನ ಒಳಚರಂಡಿಗೆ ಇದ್ದಷ್ಟು ರೋಗನಿರೋಧಕ ಶಕ್ತಿ ಬೆಂಗಳೂರಿನ ಜನಕ್ಕೆ ಇತ್ತೋ ಇಲ್ಲವೋ.

ಅದೇ ಹೊತ್ತಿನಲ್ಲಿ, ಮೂತ್ರ ಹೋಗುವುದೇ ನಿಂತ ಒಂದಷ್ಟು ಜನ ಊರೂರಿನ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡೋ ಮೂರೋ ಸಲ ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ನಾಲ್ಕು ನಾಲ್ಕು ತಾಸು ಮಲಗುತ್ತಿದ್ದರು. ಇವತ್ತೂ ಮಲಗುತ್ತಿದ್ದಾರೆ. ಈ ವಿಟಮಿನ್ನನ್ನು ಲೆಕ್ಕವಿಟ್ಟು ಕಳೆದುಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಅವರೇ. ಅವರಿಗೆ ಮಾತ್ರ ಯಾರೂ ಮಾತ್ರೆ ಹಂಚಲಿಲ್ಲ. ಹಂಚಿದ್ದು ಒಂದು ಹಾಳೆ: ಕಿತ್ತಳೆ ಬೇಡ, ಮೂಸಂಬಿ ಬೇಡ, ಟೊಮೆಟೊ ಬೇಡ, ನೆಲ್ಲಿಕಾಯಿ ಬೇಡ, ಎಳನೀರಂತೂ ಬೇಡವೇ ಬೇಡ.

ಹಾಳೆಯ ತಪ್ಪು ಎನ್ನಲಾಗದು. ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಹೇಳದೆ ಕೇಳದೆ ನಿಲ್ಲುತ್ತದೆ. ಎಳನೀರು ಕುಡಿದು ಐಸಿಯು ಸೇರಿದವರ ಕಥೆ ಯಾವ ಡಯಾಲಿಸಿಸ್ ಟೆಕ್ನೀಷಿಯನ್ನನ್ನು ಕೇಳಿದರೂ ಹೇಳಿಯಾನು. ತಕರಾರು ಇರುವುದು ಹಾಳೆಯ ಇನ್ನೊಂದು ಮಗ್ಗುಲು ಖಾಲಿ ಇರುವುದರ ಬಗ್ಗೆ. ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು, ಗಾತ್ರ ಮಾತ್ರ ತಿಳಿಯುತ್ತದೆ. ಯೂರಿಯಾದ ಅಣುತೂಕ 60, ಕ್ರಿಯಾಟಿನಿನ್ನಿನದು 113, ವಿಟಮಿನ್ ಸಿಯದು 176. ಮೂವರಿಗೂ ಒಂದೇ ಬಾಗಿಲು. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ದ್ರಾವಣ ಹರಿದು ಚರಂಡಿ ಸೇರುತ್ತದೆ. ಅದರ ಜೊತೆ ರಕ್ತದಲ್ಲಿದ್ದ ಸಿ ವಿಟಮಿನ್ನಿನ ಮೂರನೇ ಒಂದರಿಂದ ಅರ್ಧದಷ್ಟು ಪಾಲು. ಬಾಯಿಗೆ ಬರಬಾರದೆಂದು ಹಾಳೆ ತಡೆಯುತ್ತದೆ, ಬಂದದ್ದು ಉಳಿಯಬಾರದೆಂದು ಯಂತ್ರ ತೊಳೆಯುತ್ತದೆ. ನಡುವೆ ಏನಾದರೂ ತಪ್ಪಿಸಿಕೊಂಡರೆ ಅದಕ್ಕೆ ಅಡುಗೆಮನೆ ಇದೆ.

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಡಯಾಲಿಸಿಸ್‌ನಲ್ಲಿದ್ದಾರೆ. ಅವರ ಮನೆಯವರಿಗೆ ಬಸ್ಸಾರಿನಲ್ಲಿ ದೊಡ್ಡ ಹೆಸರು. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲೇ ಸಾರು ಕುದಿಸಿದರೆ ಪಕ್ಕದ ಬೀದಿಗೆ ಘಮ ಹೋಗುತ್ತಿತ್ತಂತೆ. ಈಗ ಆಸ್ಪತ್ರೆಯವರು ಹೇಳಿಕೊಟ್ಟ ವಿಧಾನ ಬೇರೆ: ಹರಿವೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ನೀರು ಹಾಕಿ ಕುದಿಸಿ, ಅದನ್ನೂ ಚೆಲ್ಲಿ, ಉಳಿದದ್ದಕ್ಕೆ ಒಗ್ಗರಣೆ. ಪೊಟ್ಯಾಸಿಯಂ ತೆಗೆಯಲು ಇದು ಸರಿಯಾದ ವಿಧಾನವೇ. ನೀರಿನಲ್ಲಿ ಕರಗುವ, ಶಾಖಕ್ಕೆ ಹಾಳಾಗುವ ವಿಟಮಿನ್ನನ್ನು ತೆಗೆಯಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ಯಾವ ಲ್ಯಾಬೂ ಕಂಡುಹಿಡಿದಿಲ್ಲ. ‘ಹುಲ್ಲು ಬೇಯಿಸಿಕೊಟ್ಟ ಹಾಗಿದೆ ಕಣೇ’ ಎನ್ನುತ್ತಾರೆ ಮೇಷ್ಟ್ರು. ‘ತಿನ್ರೀ ಸುಮ್ನೆ, ಡಾಕ್ಟ್ರು ಹೇಳವ್ರೆ’ ಎನ್ನುತ್ತಾರೆ ಅವರು. ಸಾರಾಗಬೇಕಿದ್ದ ಕಟ್ಟು ಸಿಂಕಿನಲ್ಲಿ ಇಳಿದುಹೋಗುತ್ತದೆ.

ನೋಡಲು ಬರುವ ನೆಂಟರು ತರುವುದು ಸೇಬು. ರೋಗಿ ಎಂದರೆ ಸೇಬು, ಇದು ನಮ್ಮಲ್ಲಿ ಬದಲಾಗದ ಕಾನೂನು. ಹಾಳೆಯೂ ಸೇಬಿಗೆ ಒಪ್ಪಿಗೆ ಕೊಟ್ಟಿದೆ, ಪೊಟ್ಯಾಸಿಯಂ ಕಡಿಮೆಯೆಂದು. ಆದರೆ ನೂರು ಗ್ರಾಂ ಸೇಬಿನಲ್ಲಿ ಸಿ ವಿಟಮಿನ್ನು ಇರುವುದು ಐದು ಮಿಲಿಗ್ರಾಂ ಆಸುಪಾಸು. ದಿನದ ಲೆಕ್ಕ ಚುಕ್ತಾ ಮಾಡಬೇಕಾದರೆ ಮೇಷ್ಟ್ರು ಒಂದೂವರೆ ಕಿಲೋ ಸೇಬು ತಿನ್ನಬೇಕು. ಆಮೇಲೆ ಪೊಟ್ಯಾಸಿಯಂ ವಿಚಾರವನ್ನು ಹೃದ್ರೋಗ ತಜ್ಞರು ನೋಡಿಕೊಳ್ಳುತ್ತಾರೆ.

ಇನ್ನು ರಕ್ತದ ಮಾತು. ಮೇಷ್ಟ್ರ ಎಚ್‌ಬಿ ಏಳೂವರೆಯ ಮೇಲೆ ಏಳದೆ ಕೂತಿದೆ. ಮೂಳೆಮಜ್ಜೆಗೆ ‘ರಕ್ತ ಮಾಡು’ ಎಂದು ಹೇಳುವ ಎರಿಥ್ರೋಪೊಯೆಟಿನ್ ಹಾರ್ಮೋನು ತಯಾರಾಗುವುದೇ ಕಿಡ್ನಿಯಲ್ಲಿ; ಕಿಡ್ನಿ ಹೋದ ಮೇಲೆ ಹೇಳುವವರಿಲ್ಲ. ಅದಕ್ಕೆ ಇಂಜೆಕ್ಷನ್ ಇದೆ, ಕೊಡುತ್ತಾರೆ. ರಕ್ತಕ್ಕೆ ಕಬ್ಬಿಣ ಬೇಕು, ಅದನ್ನೂ ಡ್ರಿಪ್‌ನಲ್ಲಿ ಹಾಕುತ್ತಾರೆ. ಹಾಕಿ ಹಾಕಿ ಫೆರಿಟಿನ್ 900 ದಾಟಿದೆ, ಅಂದರೆ ದೇಹದ ದಾಸ್ತಾನಿನಲ್ಲಿ ಕಬ್ಬಿಣ ತುಂಬಿ ತುಳುಕುತ್ತಿದೆ. ಆದರೆ ಮಜ್ಜೆಗೆ ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ನಿನ ಚೀಲದಲ್ಲಿ ನೋಡಿದರೆ ಕಾಲು ಭಾಗವೂ ಇಲ್ಲ. ಗೋದಾಮಿನಲ್ಲಿ ಅಕ್ಕಿ ಮೂಟೆ ಚಾವಣಿ ಮುಟ್ಟಿ ಹುಳ ಹಿಡಿಯುತ್ತಿದೆ, ನ್ಯಾಯಬೆಲೆ ಅಂಗಡಿ ಮುಂದೆ ‘ದಾಸ್ತಾನು ಇಲ್ಲ’ ಬೋರ್ಡು ನೇತಾಡುತ್ತಿದೆ. ಫುಡ್ ಇನ್‌ಸ್ಪೆಕ್ಟರು ಗೋದಾಮು ನೋಡಿ ‘ಅಕ್ಕಿ ಭರ್ಜರಿ ಇದೆ’ ಎಂದು ಷರಾ ಬರೆದು ಹೋಗುತ್ತಾರೆ, ಮತ್ತೊಂದು ಲೋಡು ಬರುತ್ತದೆ.

ಬೀಗ ಹಾಕಿದವರು ಹಲವರು. ಉರಿಯೂತ ಇದ್ದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಬಾಗಿಲು ಜಡಿಯುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಉರಿಯೂತಕ್ಕೇನು ಬರವಿಲ್ಲ. ಆದರೆ ಬೀಗದ ಕೈಗಳಲ್ಲಿ ಒಂದು ಈ ವಿಟಮಿನ್ ಸಿ. ಫೆರಿಕ್ ರೂಪದಲ್ಲಿ ಗಟ್ಟಿಯಾಗಿ ಕೂತ ಕಬ್ಬಿಣವನ್ನು ಫೆರಸ್ ರೂಪಕ್ಕೆ ತಂದು ಫೆರಿಟಿನ್ನಿನಿಂದ ಬಿಡಿಸುವ, ಹಿಮೋಗ್ಲೋಬಿನ್ನಿಗೆ ಸೇರಿಸುವ ಕೆಲಸದಲ್ಲಿ ಅದರ ಕೈಯೂ ಇದೆ. ಆ ಕೀಲಿಕೈಯನ್ನೇ ನಾವು ವಾರಕ್ಕೆ ಮೂರು ಸಲ ಚರಂಡಿಗೆ ಹಾಕುತ್ತಿದ್ದೇವೆ.

ಹಾಗಾದರೆ ರಕ್ತದಲ್ಲಿ ಸಿ ಎಷ್ಟಿದೆಯೆಂದು ನೋಡಬಾರದೇ? ನೋಡಬಹುದು. ರಕ್ತ ತೆಗೆದ ತಕ್ಷಣ ಐಸಿನಲ್ಲಿಟ್ಟು, ಬೆಳಕು ತಾಗದಂತೆ ಮುಚ್ಚಿ, ಆಮ್ಲ ಬೆರೆಸಿ ಕಾಪಾಡಿ, ದೊಡ್ಡ ಲ್ಯಾಬಿಗೆ ಕಳಿಸಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯಿಂದ ರಕ್ತದ ಟ್ಯೂಬು ಆಟೊದಲ್ಲಿ ಹೋಗುವ ವೈಭವ ನೋಡಿದವರು ಇದನ್ನು ಕೇಳಿ ನಕ್ಕಾರು. ಆದ್ದರಿಂದ ಯಾರೂ ಅಳೆಯುವುದಿಲ್ಲ. ಅಳೆಯದ್ದು ರಿಪೋರ್ಟಿನಲ್ಲಿ ಬರುವುದಿಲ್ಲ, ರಿಪೋರ್ಟಿನಲ್ಲಿ ಬಾರದ್ದು ಕಡಿಮೆಯಾಗಲು ಸಾಧ್ಯವೇ ಇಲ್ಲ. ರೋಗಿಗೆ ಸುಸ್ತು, ಕಾಲು ಸೆಳೆತ, ಒಸಡಲ್ಲಿ ರಕ್ತ, ಗಾಯ ಮಾಯುತ್ತಿಲ್ಲ. ಇವು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿಯ ಲಕ್ಷಣಗಳೂ ಹೌದು, ಕಿಡ್ನಿ ರೋಗದ ಲಕ್ಷಣಗಳೂ ಹೌದು. ಎರಡರಲ್ಲಿ ಯಾವುದಕ್ಕೆ ವಾರ್ಡಿದೆಯೋ ಆ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

‘ಎಚ್‌ಬಿ ಏರ್ತಿಲ್ವಲ್ಲ ಮೇಷ್ಟ್ರೇ, ಇಂಜೆಕ್ಷನ್ 4000 ಇದ್ದದ್ದನ್ನ 6000 ಮಾಡೋಣ’ ಎಂದರು ಡಾಕ್ಟರು. ಏರಿಸುವುದು ಅವರಿಗೆ ಅಭ್ಯಾಸ. ಅವರ ಗುರುಗಳಿಗೂ ಅಭ್ಯಾಸವಿತ್ತು. ಅಭ್ಯಾಸದ ಮೂಲ ಅಮೆರಿಕದಲ್ಲಿದೆ, ಅಲ್ಲಿಗೊಮ್ಮೆ ಹೋಗಿಬರಬೇಕು.

ಈ ಇಂಜೆಕ್ಷನ್ನಿನ ಜನ್ಮವೃತ್ತಾಂತವೂ ಮೂತ್ರದ್ದೇ. ಜಪಾನಿನ ಕುಮಾಮೊಟೊದಲ್ಲಿ ತಕಾಜಿ ಮಿಯಾಕೆ ಎಂಬ ವಿಜ್ಞಾನಿ, ಒಂದು ಬಗೆಯ ತೀವ್ರ ರಕ್ತಹೀನತೆಯ ರೋಗಿಗಳಿಂದ 2550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, 1975ರಲ್ಲಿ ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಕೈಗೆ ತಂದುಕೊಟ್ಟರು. 1977ರಲ್ಲಿ ಅದರಿಂದ ಶುದ್ಧ ಎರಿಥ್ರೋಪೊಯೆಟಿನ್ ಬಂತು. ಗೋಲ್ಡ್‌ವಾಸರ್ ಪೇಟೆಂಟ್ ಪಡೆಯಲಿಲ್ಲ. ಆಮ್ಜೆನ್ ಕಂಪನಿ ಆ ತಪ್ಪು ಮಾಡಲಿಲ್ಲ. ಜೀನನ್ನು ಕಂಡುಹಿಡಿದು, 1989ರಲ್ಲಿ ಔಷಧಿಗೆ ಮಂಜೂರಾತಿ ಪಡೆಯಿತು. ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡು ಬದುಕುತ್ತಿದ್ದವರಿಗೆ ಅದು ನಿಜಕ್ಕೂ ಮರುಜನ್ಮ. ವ್ಯಂಗ್ಯ ಬರೆಯುವವನೂ ಇಲ್ಲಿ ಒಂದು ನಿಮಿಷ ಕೈಮುಗಿಯಬೇಕು.

ಕೈಮುಗಿದಾದ ಮೇಲೆ ಬಿಲ್ಲು ನೋಡಬೇಕು. ಅಮೆರಿಕ ಸರ್ಕಾರದ ಮೆಡಿಕೇರ್ ಡಯಾಲಿಸಿಸ್‌ಗೆ ಗೊತ್ತಾದ ದರ ಕೊಡುತ್ತಿತ್ತು, ಇಂಜೆಕ್ಷನ್ನಿಗೆ ಬೇರೆ, ಕೊಟ್ಟಷ್ಟಕ್ಕೆ. ಹೆಚ್ಚು ಚುಚ್ಚಿದರೆ ಹೆಚ್ಚು ಕಾಸು. ಅಲ್ಲಿಂದ ಮುಂದೆ ಅಮೆರಿಕದ ಡಯಾಲಿಸಿಸ್ ಕೇಂದ್ರಗಳಿಗೆ ರೋಗಿಗಳ ಎಚ್‌ಬಿ ಬಗ್ಗೆ ಹುಟ್ಟಿದ ಕಾಳಜಿ ತಾಯಂದಿರನ್ನೂ ನಾಚಿಸುವಂಥದ್ದು. 2005ರ ಹೊತ್ತಿಗೆ ಮೆಡಿಕೇರ್ ಈ ಒಂದು ಔಷಧಿಗೆ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಸುರಿಯುತ್ತಿತ್ತು. 1998ರಲ್ಲೇ ಅನಾಟೋಲ್ ಬೆಸರಬ್ ಎಂಬ ವೈದ್ಯರ ನೇತೃತ್ವದ ಅಧ್ಯಯನ, ಆಮ್ಜೆನ್ ದುಡ್ಡಿನಲ್ಲೇ ನಡೆದದ್ದು, ಹೃದ್ರೋಗವಿರುವ 1233 ಡಯಾಲಿಸಿಸ್ ರೋಗಿಗಳ ರಕ್ತವನ್ನು ಆರೋಗ್ಯವಂತರ ಮಟ್ಟಕ್ಕೆ ಏರಿಸಲು ಹೋಗಿ, ಏರಿಸಿದ ಗುಂಪಿನಲ್ಲೇ ಸಾವು ಹೆಚ್ಚೆಂದು ಕಂಡು ಅರ್ಧಕ್ಕೆ ನಿಂತಿತ್ತು. ಪ್ರಮಾಣ ಮಾತ್ರ ಏರುತ್ತಲೇ ಇತ್ತು. 2006ರಲ್ಲಿ, ಡಯಾಲಿಸಿಸ್‌ಗೆ ಇನ್ನೂ ಬಾರದ ಕಿಡ್ನಿ ರೋಗಿಗಳಲ್ಲಿ ನಡೆದ ಇನ್ನೊಂದು ದೊಡ್ಡ ಅಧ್ಯಯನವೂ ಅದನ್ನೇ ಹೇಳಿತು. 2007ರಲ್ಲಿ ಔಷಧಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2011ರ ಜನವರಿಯಿಂದ ಮೆಡಿಕೇರ್ ‘ಇಂಜೆಕ್ಷನ್ನೂ ಸೇರಿ ಒಂದೇ ದರ’ ಎಂದಿತು. ಅಲ್ಲಿಂದಾಚೆ ನೋಡಿ, ಅಮೆರಿಕನ್ನರ ಮೂಳೆಮಜ್ಜೆಗಳಿಗೆ ಅಷ್ಟೊಂದು ಇಂಜೆಕ್ಷನ್ ಬೇಡವಾಗಿಹೋಯಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ಬೇಗ ಗುಣ ಕೊಟ್ಟ ಸುತ್ತೋಲೆ ಇನ್ನೊಂದಿಲ್ಲ.

(ಕಬ್ಬಿಣದ ಬಾಟಲಿಯಲ್ಲೂ ಕಥೆ ಇದೆ. ಕಬ್ಬಿಣ ಮತ್ತು ವಿಟಮಿನ್ ಡಿ ಔಷಧಿಯನ್ನು ಬೇಕೆಂದೇ ಪೋಲು ಮಾಡಿ ಸರ್ಕಾರಕ್ಕೆ ಬಿಲ್ ಕಳಿಸಿದ ಆರೋಪಕ್ಕೆ ಡಾವಿಟಾ ಎಂಬ ದೊಡ್ಡ ಡಯಾಲಿಸಿಸ್ ಕಂಪನಿ 2015ರಲ್ಲಿ 45 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಿಕೊಳ್ಳದೆ. ವಿಟಮಿನ್ನುಗಳಲ್ಲೂ ಜಾತಿ ಇದೆ ನೋಡಿ: ಪೋಲು ಮಾಡಲಿಕ್ಕಾದರೂ ಬೆಲೆ ಬಾಳುವ ವಿಟಮಿನ್ ಆಗಿರಬೇಕು.)

ಅದೇ 2006ರಲ್ಲಿ ಅದೇ ಬೆಸರಬ್ ಮತ್ತು ಡೆಟ್ರಾಯಿಟ್‌ನ ಅವರ ಸಹೋದ್ಯೋಗಿಗಳು ಇನ್ನೊಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಫೆರಿಟಿನ್ ಏರಿದ, ಇಂಜೆಕ್ಷನ್ನಿಗೆ ಜಗ್ಗದ, ಅಂದರೆ ನಮ್ಮ ಮೇಷ್ಟ್ರಂಥ ರೋಗಿಗಳಿಗೆ ಪ್ರತಿ ಡಯಾಲಿಸಿಸ್‌ನಲ್ಲೂ 300 ಮಿಲಿಗ್ರಾಂ ವಿಟಮಿನ್ ಸಿ ಆರು ತಿಂಗಳು ಕೊಟ್ಟರು. ಎಚ್‌ಬಿ ಏರಿತು, ಇಂಜೆಕ್ಷನ್ನಿನ ಪ್ರಮಾಣ ಇಳಿಯಿತು. ತೈವಾನಿನಲ್ಲಿ, ಇಟಲಿಯಲ್ಲಿ ಇಂಥವೇ ಪುಟ್ಟ ಪ್ರಯೋಗಗಳು ಆಗಲೇ ನಡೆದಿದ್ದವು. 2009ರಲ್ಲಿ ಇಂಥವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಎಚ್‌ಬಿ ಸರಾಸರಿ ಒಂದು ಗ್ರಾಂನಷ್ಟು ಏರಿದ್ದು ಕಂಡಿತು. ಒಂದು ಗ್ರಾಂ ಎಂದರೆ ನಿಮಗೆ ನಮಗೆ ಏನೂ ಅಲ್ಲ. ಮೇಷ್ಟ್ರಿಗೆ ಅದು ಮಹಡಿ ಮೆಟ್ಟಿಲು.

ಮುಂದೇನಾಗಬೇಕಿತ್ತು? ಸಾವಿರಾರು ರೋಗಿಗಳ ಮೇಲೆ, ವರ್ಷಗಟ್ಟಲೆ, ನಿಜಕ್ಕೂ ಲಾಭವೇ, ಅಪಾಯವೇ ಎಂದು ತೀರ್ಮಾನಿಸುವ ಅಧ್ಯಯನ. ಅದಕ್ಕೆ ಕೋಟಿಗಟ್ಟಲೆ ಬೇಕು. ಒಂದೆರಡು ರೂಪಾಯಿಯ ಮಾತ್ರೆಯ ಯಜಮಾನನಿಗೆ ಆ ದುಡ್ಡು ಎಲ್ಲಿಂದ? ಯಜಮಾನನೇ ಇಲ್ಲ. ಇಂಜೆಕ್ಷನ್ ಮಾರುವವರು ಇಂಜೆಕ್ಷನ್ನನ್ನು ಕಡಿಮೆ ಮಾಡುವ ಮಾತ್ರೆಗೆ ದುಡ್ಡು ಹಾಕಿಯಾರೇ? ಹೀಗಾಗಿ 2012ರಲ್ಲಿ ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ವಿಟಮಿನ್ ಸಿ, ಡಿ, ಇ, ಫೋಲಿಕ್ ಆಮ್ಲ, ಕಾರ್ನಿಟಿನ್, ಪೆಂಟಾಕ್ಸಿಫಿಲಿನ್ ಆರನ್ನೂ ಒಂದೇ ವಾಕ್ಯದಲ್ಲಿ ಗಡೀಪಾರು ಮಾಡಿತು: ಇಂಜೆಕ್ಷನ್ನಿಗೆ ಜೊತೆಯಾಗಿ ಇವನ್ನು ಬಳಸದಿರುವುದು ಲೇಸು, ಪುರಾವೆ ಸಾಲದು. ಪುರಾವೆ ಸಾಲದು ಎಂಬುದು ಸತ್ಯವೇ. ಸಾಕ್ಷಿಗೆ ಸಮನ್ಸ್ ಕಳಿಸದೆ, ‘ಸಾಕ್ಷಿ ಬಂದಿಲ್ಲ’ ಎಂದು ಕೇಸು ವಜಾ ಮಾಡುವುದು ನಮಗೇನು ಹೊಸದಲ್ಲ.

ಅದರಲ್ಲೂ ಒಂದು ಸೂಕ್ಷ್ಮವಿತ್ತು. ಕೆಡಿಗೊ ಬೇಡವೆಂದದ್ದು ಸಿ ವಿಟಮಿನ್ನನ್ನು ರಕ್ತ ಏರಿಸುವ ಔಷಧಿಯಾಗಿ ಬಳಸುವುದನ್ನು. ಕೊರತೆಯಾದವರಿಗೆ ಕೊರತೆ ತುಂಬಬೇಡಿ ಎಂದಲ್ಲ. ಡಯಾಲಿಸಿಸ್ ರೋಗಿಗಳೂ ದಿನಕ್ಕೆ ಗಂಡಸರಾದರೆ ಕನಿಷ್ಠ 90, ಹೆಂಗಸರಾದರೆ 75 ಮಿಲಿಗ್ರಾಂ ಪಡೆಯಬೇಕೆಂದು ಅಮೆರಿಕದ ಪೋಷಣಾ ಮಾರ್ಗಸೂಚಿಯೇ 2020ರಲ್ಲಿ ಹೇಳಿದೆ. ಆದರೆ ಮಾರ್ಗಸೂಚಿ ಸಮುದ್ರ ದಾಟಿ, ಕಾನ್ಫರೆನ್ಸ್ ದಾಟಿ, ವಾರ್ಡಿಗೆ ಬರುವಷ್ಟರಲ್ಲಿ ‘ಸಿ ಕೊಡಬಾರದಂತೆ’ ಎಂಬಷ್ಟೇ ಉಳಿದಿರುತ್ತದೆ. ಕೆಲವರು ಬಿ-ಕಾಂಪ್ಲೆಕ್ಸ್ ಬರೆದುಕೊಡುತ್ತಾರೆ. ಕೆಲವು ಬಿ-ಕಾಂಪ್ಲೆಕ್ಸ್‌ನಲ್ಲಿ ಸಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಯಾವುದು ಸಿಗುತ್ತದೆ ಎಂಬುದು ಆ ದಿನ ಅಂಗಡಿಯವನಿಗೆ ಯಾವುದರಲ್ಲಿ ಮಾರ್ಜಿನ್ ಜಾಸ್ತಿ ಎಂಬುದರ ಮೇಲೆ.

ಹುಳಿಯ ವಿಷಯದಲ್ಲಿ ದೊಡ್ಡವರು ತಡ ಮಾಡುವುದು ಪರಂಪರೆ. 1747ರಲ್ಲಿ ಸಾಲಿಸ್ಬರಿ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಕರ್ವಿಯಾದ 12 ನಾವಿಕರನ್ನು ಜೋಡಿ ಜೋಡಿ ಮಾಡಿ, ಒಂದು ಜೋಡಿಗೆ ಸಮುದ್ರದ ನೀರು, ಒಂದಕ್ಕೆ ವಿನೆಗರ್, ಒಂದಕ್ಕೆ ತೆಳು ಗಂಧಕಾಮ್ಲ ಹೀಗೆ ಕುಡಿಸಿ, ಒಂದು ಜೋಡಿಗೆ ಮಾತ್ರ ಕಿತ್ತಳೆ, ನಿಂಬೆ ಕೊಟ್ಟ. ಹಣ್ಣು ತಿಂದವರು ಎದ್ದು ಕೆಲಸಕ್ಕೆ ಹೋದರು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಒಪ್ಪಿಕೊಂಡದ್ದು 1795ರಲ್ಲಿ, ಲಿಂಡ್ ಸತ್ತ ಮರುವರ್ಷ. ಲಿಂಡ್ ಕೂಡ ಏನು ಮಾಡಿದನೆಂದರೆ, ಹಡಗಿನಲ್ಲಿ ಕೆಡದಿರಲೆಂದು ರಸವನ್ನು ಕಾಯಿಸಿ ಇಂಗಿಸಿ ಗಟ್ಟಿ ಮಾಡಲು ಶಿಫಾರಸು ಮಾಡಿದ. ಕಾಯಿಸಿದ ಮೇಲೆ ಹುಳಿ ಉಳಿಯಿತು, ವಿಟಮಿನ್ ಹೋಯಿತು. ನಮ್ಮ ಸೊಪ್ಪು ಬೇಯಿಸುವ ವಿಧಾನಕ್ಕೆ ಇಂಥ ಘನವಾದ ಪೂರ್ವಜರಿದ್ದಾರೆ.

ಇಷ್ಟು ಓದಿದವರಲ್ಲಿ ಒಬ್ಬರು ಆಗಲೇ ವಾಟ್ಸ್ಯಾಪ್ ತೆರೆದಿರುತ್ತಾರೆಂದು ಗೊತ್ತು. ಪ್ರತಿ ಕುಟುಂಬದಲ್ಲೂ ಒಬ್ಬ ಮಾವ ಇರುತ್ತಾರೆ. ‘ಡಯಾಲಿಸಿಸ್ ಎಲ್ಲ ದಂಧೆ, ದಿನಾ ಬೆಳಿಗ್ಗೆ ನೆಲ್ಲಿಕಾಯಿ ರಸ ಒಂದು ಲೋಟ, ಸಂಜೆ ಸಾವಿರದ ಮಾತ್ರೆ ಎರಡು, ಆರು ತಿಂಗಳಲ್ಲಿ ಯಂತ್ರ ಬಿಡ್ತೀಯ.’ ಮಾವನವರೇ, ನಿಮಗೂ ಬಡಿಸಲಿಕ್ಕಿದೆ, ಕೂತುಕೊಳ್ಳಿ. ಹೆಚ್ಚಾದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಕಿಡ್ನಿ ಇದ್ದವರು ಅದನ್ನು ಹೊರಗೆ ಹಾಕುತ್ತಾರೆ. ಇಲ್ಲದವರಲ್ಲಿ ಯಂತ್ರ ತೆಗೆದಷ್ಟು ತೆಗೆದು ಮಿಕ್ಕದ್ದು ಹರಳುಗಟ್ಟಿ ಹೃದಯ, ರಕ್ತನಾಳ, ಕೀಲು, ಮೂಳೆಗಳಲ್ಲಿ ಸಂಸಾರ ಹೂಡುತ್ತದೆ. ಕೆಲವು ಗ್ಲುಕೊಮೀಟರುಗಳು ರಕ್ತದಲ್ಲಿ ಸಿ ಹೆಚ್ಚಿದ್ದರೆ ಅದನ್ನೇ ಸಕ್ಕರೆಯೆಂದು ಓದಿ ಇನ್ಸುಲಿನ್ನಿನ ಲೆಕ್ಕ ತಪ್ಪಿಸುತ್ತವೆ. ಕರಾವಳಿ, ಮಲೆನಾಡಿನ ಹಿತ್ತಿಲಲ್ಲಿ ಬಿಡುವ ಧಾರೆಹುಳಿ, ಆ ನಕ್ಷತ್ರದಾಕಾರದ ಹಣ್ಣು, ಸಿ ವಿಟಮಿನ್ನೂ ಸರಿ, ಆಕ್ಸಲೇಟೂ ಸರಿ, ಜೊತೆಗೆ ಬ್ರೆಜಿಲ್ ಸಂಶೋಧಕರು 2013ರಲ್ಲಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟ ನಂಜೂ ಅದರಲ್ಲಿದೆ. ಡಯಾಲಿಸಿಸ್ ರೋಗಿ ಅದನ್ನು ತಿಂದರೆ ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪಿ ಸಾವಿನವರೆಗೂ ಹೋಗಬಹುದು. ಅದರ ದಾಯಾದಿ ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲ್ ಇಳಿಯಲೆಂದು ಕುಡಿದು ಚೆನ್ನಾಗಿದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರು ಕೇರಳದಲ್ಲಿದ್ದಾರೆ.

ಮಾವನವರ ಕುಲದೇವರು ಲೈನಸ್ ಪೌಲಿಂಗ್. ರಸಾಯನಶಾಸ್ತ್ರಕ್ಕೊಂದು, ಶಾಂತಿಗೊಂದು, ಎರಡು ನೊಬೆಲ್ ಪಡೆದವರು. 1970ರಲ್ಲಿ ನೆಗಡಿಗೆ ಗ್ರಾಂಗಟ್ಟಲೆ ವಿಟಮಿನ್ ಸಿ ತಿನ್ನಿರೆಂದು ಪುಸ್ತಕ ಬರೆದು ಜಗತ್ತಿಗೆ ಈ ಗೀಳು ಹತ್ತಿಸಿದವರು. ಭಕ್ತರು ಹೇಳದ ಒಂದು ವಿಷಯವಿದೆ. 1941ರಲ್ಲಿ ಪೌಲಿಂಗರಿಗೇ ಗಂಭೀರ ಕಿಡ್ನಿ ಕಾಯಿಲೆ ಬಂದಿತ್ತು. ಆಗ ಅವರನ್ನು ನೋಡಿಕೊಂಡವರು ಸ್ಟ್ಯಾನ್‌ಫರ್ಡಿನ ಥಾಮಸ್ ಅಡಿಸ್ ಎಂಬ ವೈದ್ಯರು. ಚಿಕಿತ್ಸೆಯ ತಿರುಳು ಪ್ರೋಟೀನು ಕಡಿಮೆ, ಉಪ್ಪು ಬಿಟ್ಟ ಕಟ್ಟುನಿಟ್ಟಿನ ಊಟ. ಅಂದರೆ ಅವರೂ ಒಂದು ಹಾಳೆ ಹಿಡಿದುಕೊಂಡು ಅದನ್ನು ಚಾಚೂತಪ್ಪದೆ ಪಾಲಿಸಿ 93ರವರೆಗೆ ಬದುಕಿದವರು.

ಹೀಗೆ ಒಂದು ಕಡೆ ಸೊನ್ನೆ, ಒಂದು ಕಡೆ ಸಾವಿರ. ಬೇಕಾಗಿರುವುದು ತೊಂಬತ್ತು, ಅದನ್ನು ಕೊಡುವವರಿಲ್ಲ. ಅಂಗಡಿಗೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಐನೂರರದ್ದೇ. ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರ ಬಂದಿರುವುದು ದೊಡ್ಡ ಸಂಗತಿ. ಮೊದಲು ಮನೆ ಮಾರಿ ಬೆಂಗಳೂರಿಗೋ ಮೈಸೂರಿಗೋ ಓಡಬೇಕಿತ್ತು. ಯಂತ್ರ ಬಂದ ದಿನ ಶಾಸಕರು ಟೇಪು ಕತ್ತರಿಸಿ, ಯಂತ್ರದ ತಲೆಗೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದರು. (ಆ ಕಾಯಿನೀರನ್ನು ಯಾವ ರೋಗಿಯೂ ಕುಡಿಯಲಿಲ್ಲ ಎಂದುಕೊಳ್ಳೋಣ.) ಮಾತ್ರೆಗೆ ಟೇಪು ಕತ್ತರಿಸಲು ಬರುವುದಿಲ್ಲ, ಫ್ಲೆಕ್ಸಿನಲ್ಲಿ ಅದು ಚೆನ್ನಾಗಿ ಕಾಣುವುದೂ ಇಲ್ಲ. ಆಹಾರ ತಜ್ಞರ ಹುದ್ದೆ? ಅದು ಮಂಜೂರಾಗುವ ತನಕ ಝೆರಾಕ್ಸ್ ಯಂತ್ರವೇ ಪ್ರಭಾರ ವಹಿಸಿಕೊಂಡಿರುತ್ತದೆ.

ಮೇಷ್ಟ್ರ ಮನೆಯವರು ಹೋದ ತಿಂಗಳು ಪೇಟೆಯಲ್ಲಿ ಬನವಾಸಿ ಕಡೆಯ ಅನಾನಸ್ ಗಾಡಿ ಕಂಡು ನಿಂತರು. ಆಸೆ ಮೇಷ್ಟ್ರದ್ದು, ಭಯ ಇವರದ್ದು. ನೂರು ಗ್ರಾಂ ಅನಾನಸ್ಸಿನಲ್ಲಿ ಪೊಟ್ಯಾಸಿಯಂ ಇರುವುದು ಸುಮಾರು 110 ಮಿಲಿಗ್ರಾಂ, ಹೆಚ್ಚುಕಡಿಮೆ ಸೇಬಿನಷ್ಟೇ, ಎಳನೀರಿನ ಅರ್ಧಕ್ಕಿಂತ ಕಡಿಮೆ. ವಿಟಮಿನ್ ಸಿ ಮಾತ್ರ ಸೇಬಿನ ಹತ್ತಿರಹತ್ತಿರ ಹತ್ತು ಪಟ್ಟು. ಇದು ಅವರಿಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ‘ಹುಳಿ ಹಣ್ಣುಗಳು ಬೇಡ’ ಎಂದಿತ್ತು, ಅಷ್ಟೇ. ಡಾಕ್ಟರು ರೌಂಡ್ಸಿಗೆ ಬಂದಾಗ ಧೈರ್ಯ ಮಾಡಿ ಕೇಳಿದರು.

‘ಡಾಕ್ಟ್ರೇ, ಇವ್ರು ಅನಾನಸ್ ತಿನ್ನಬೋದಾ?’

‘ಅನಾನಸ್ಸಾ? ಪೊಟ್ಯಾಸಿಯಂ ರಿಪೋರ್ಟ್ ತೋರ್ಸಿ... ಹೂಂ, ಎರಡು ಹೋಳು ತಿನ್ಲಿ ಬಿಡಿ, ತೊಂದ್ರೆ ಏನಿಲ್ಲ. ಒಳ್ಳೇದೇ.’

‘ಮತ್ತೆ ಈ ನಾಲ್ಕು ವರ್ಷ ಮುಟ್ಟಿಸ್ಲೇ ಇಲ್ವಲ್ಲ ನಾವು?’

ಡಾಕ್ಟರು ಮುಂದಿನ ಹಾಸಿಗೆಯ ಫೈಲು ಕೈಗೆತ್ತಿಕೊಂಡಿದ್ದರು. ‘ನೀವು ಕೇಳ್ಲೇ ಇಲ್ವಲ್ಲಮ್ಮ.’